ವಾಸನೆ ನಿಂತ ದಿನ

೧೯೯೮ರ ಬೇಸಿಗೆಯಲ್ಲಿ ನಾನು ಚಳ್ಳಕೆರೆ ಊರಾಚೆಯ ಒಂದು ಟ್ರಸ್ಟ್ ಆಸ್ಪತ್ರೆಯ ಗ್ಯಾಸ್ ಪ್ಲಾಂಟಿನಲ್ಲಿ ಸಹಾಯಕಿ ಆಗಿದ್ದೆ. ಸಹಾಯಕಿ ಅಂದರೆ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ ಮಕ್ಕಳೇ. ಮನೆಮನೆಯ ಕಕ್ಕಸು ಗುಂಡಿಗಳಿಂದ ಟ್ಯಾಂಕರ್ ಎಳೆದು ತರುತ್ತಿದ್ದ ರಾಡಿಯನ್ನು ತೊಟ್ಟಿಯಲ್ಲಿ ಕಲಕುವುದು, ಬಟ್ಟೆ ಚೂರು, ಕಸಕಡ್ಡಿ ಸೋಸಿ ತೆಗೆಯುವುದು, ಎಂಜಿನಿಯರು ಹೇಳಿದಷ್ಟನ್ನು ಹೇಳಿದ ಹೊತ್ತಿಗೆ ಒಳಗೆ ಬಿಡುವುದು. ಇಷ್ಟೇ ನನ್ನ ಕೆಲಸ. ರಾಂಪುರದ ಕಡೆಯ ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿದೆ. ಅಲ್ಲಿ ಎಲ್ಲರಿಗೂ ನಾನು ಓಬವ್ವ, ಇಲ್ಲವೇ ಅಕ್ಕ. ಗಂಡಸರ ಎದುರು ಬಾಯಿ ಬಿಟ್ಟು ಮಾತಾಡಿ ಅಭ್ಯಾಸವಿರಲಿಲ್ಲ. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದೆ, ಅದೂ ನೆಲ ನೋಡಿಕೊಂಡು.

ಮನೆಯೊಳಗೆ ಕಾಲಿಟ್ಟ ಕೂಡಲೇ ಅಜ್ಜಿ ಯಾಕೆ ಮೂಸಿ ನೋಡುತ್ತಾಳೆ ಎಂದು ನೀವು ನಗುತ್ತೀರಿ. ಅದಕ್ಕೆ ಉತ್ತರ ಇಲ್ಲಿದೆ. ನಮ್ಮ ಪ್ಲಾಂಟಿನ ಮೆಕ್ಯಾನಿಕ್ ಬಾಬಾಜಾನಣ್ಣನ ಜೀವ ಒಂದು ಹಗ್ಗದ ತುದಿಯಲ್ಲಿ ನಿಂತಿದ್ದ ದಿನದ ಕಥೆ ಇದು.

ಮೊದಲು ಪ್ಲಾಂಟ್ ಹೇಗಿತ್ತು ಎಂದು ಹೇಳುತ್ತೇನೆ. ಡೈಜೆಸ್ಟರ್ ಅಂದರೆ ನೆಲದೊಳಗೆ ಕಟ್ಟಿದ ಬಾವಿಯಂಥ ತೊಟ್ಟಿ. ಅದರ ಮೇಲೆ ಬೋರಲು ಹಾಕಿದ ದೊಡ್ಡ ಕಬ್ಬಿಣದ ಡ್ರಮ್. ಒಳಗೆ ಗಾಳಿಯಾಡದ ರಾಡಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ತಿಂದು, ಅರಗಿಸಿಕೊಂಡು, ಗ್ಯಾಸ್ ಬಿಡುತ್ತವೆ. ಗ್ಯಾಸ್ ಕೂಡಿದ ಹಾಗೆ ಡ್ರಮ್ ಮೇಲೇಳುತ್ತದೆ, ಖರ್ಚಾದ ಹಾಗೆ ಇಳಿಯುತ್ತದೆ. ಆ ಗ್ಯಾಸ್ ನೆಲದಡಿಯ ಪೈಪಿನಲ್ಲಿ ಎಂಜಿನ್ ಮನೆಗೆ ಹೋಗಿ ಎಂಜಿನ್ ತಿರುಗಿಸುತ್ತಿತ್ತು, ಆಸ್ಪತ್ರೆಗೆ ಕರೆಂಟ್ ಬರುತ್ತಿತ್ತು.

ಮಾಮೂಲಿ ಗ್ಯಾಸ್ ಪ್ಲಾಂಟಿಗೆ ದಿನಾ ಒಂದೇ ಸಮ ಹಾಕುತ್ತಾರೆ, ಅದೂ ಒಂದೇ ಸಮ ಗ್ಯಾಸ್ ಕೊಡುತ್ತದೆ. ನಮಗೆ ಹಾಗೆ ಬೇಕಿರಲಿಲ್ಲ. ಸಂಜೆ ಲೋಡ್ ಶೆಡ್ಡಿಂಗ್ ಆದಾಗ ಹೆರಿಗೆ ವಾರ್ಡಿಗೂ ಆಪರೇಷನ್ ಕೋಣೆಗೂ ಕರೆಂಟ್ ಬೇಕು, ಹಗಲಿನಲ್ಲಿ ಬೇಡ. ಹೊತ್ತು ನೋಡಿ ಉಣಿಸಿ, ಬೇಕಾದ ಹೊತ್ತಿಗೆ ಗ್ಯಾಸ್ ತೆಗೆಯುವ ಈ ಪದ್ಧತಿಗೆ ಎಂಜಿನಿಯರ್ ಶಶಿಧರ್ ಸಾರ್ ‘ಫ್ಲೆಕ್ಸಿಬಲ್’ ಅನ್ನುತ್ತಿದ್ದರು. ಎಮ್ಮೆ ಕರೆಯುವುದಕ್ಕೆ ಮುಂಚೆ ಹಿಂಡಿ ಇಡುವುದಿಲ್ಲವೇ, ಇದೂ ಹಾಗೇ ಎಂದು ನಾನು ತಿಳಿದುಕೊಂಡೆ.

ಕೊನೆಗೆ ಆದದ್ದೂ ಅದೇ. ಕಕ್ಕಸಿನ ರಾಡಿ ನಿಧಾನ. ಬೆಳಿಗ್ಗೆ ಹಾಕಿದರೆ ಸಂಜೆಗೆ ಕೊಡುವ ಸ್ವಭಾವ ಅದಕ್ಕಿಲ್ಲ. ಚಳ್ಳಕೆರೆಯಲ್ಲಿ ಕಡಲೆಕಾಯಿ ಎಣ್ಣೆ ಮಿಲ್ಲುಗಳಿಗೆ ಕೊರತೆಯೇ? ಟ್ರಸ್ಟಿನ ಹಿರಿಯರಾಗಿದ್ದ ಯಜಮಾನರಿಗೂ ಒಂದು ಮಿಲ್ಲಿತ್ತು. ಶಶಿಧರ್ ಸಾರ್ ಅಲ್ಲಿಂದ ಒಂದು ಬುಟ್ಟಿ ಹಿಂಡಿ ತರಿಸಿ, ನೆನೆಸಿ, ರಾಡಿಗೆ ಕಲಸಿ ಹಾಕಿಸಿದರು. ಸಂಜೆಯ ಹೊತ್ತಿಗೆ ಡ್ರಮ್ ಬಾಣಂತಿಯ ಕೆನ್ನೆಯ ಹಾಗೆ ತುಂಬಿ ಮೇಲೆದ್ದು ನಿಂತಿತು. ಯಜಮಾನರು ಬಂದು ನೋಡಿ, ಅದರ ಬೆನ್ನು ತಟ್ಟಿ, “ಕರೆಯೋ ಎಮ್ಮೆ ಕಣಪ್ಪ ಇದು” ಅಂದರು.

ಅಲ್ಲಿಂದ ಆ ಮಾತು ಎಲ್ಲರ ಬಾಯಿಗೂ ಬಂತು. ಬೇಸಿಗೆ ಏರಿದ ಹಾಗೆ ಕರೆಂಟ್ ತೆಗೆಯುವ ಹೊತ್ತೂ ಉದ್ದವಾಯಿತು. ವಾರ್ಡಿನಿಂದ ನರ್ಸಮ್ಮ ಬಂದು, ಇನ್ನೊಂದು ತಾಸು ಹೆಚ್ಚಿಗೆ ಓಡಿಸಿ ಎಂದು ಕೇಳುವರು. ಯಜಮಾನರು ಇನ್ನೊಂದು ಬುಟ್ಟಿ ಹಿಂಡಿ ಕಳಿಸುವರು. ಹಾಲು ಬೇಕೆಂದರೆ ಹಿಂಡಿ ಹೆಚ್ಚಿಸಬೇಕು. ಇದು ನಮ್ಮ ಸೀಮೆಯ ಕೂಸಿಗೂ ಗೊತ್ತಿರುವ ಲೆಕ್ಕ. ಶಶಿಧರ್ ಸಾರ್ ಮಾತ್ರ ಹಣೆ ಉಜ್ಜಿಕೊಳ್ಳುತ್ತಿದ್ದರು. ನಿಧಾನವಾಗಿ ಹೆಚ್ಚಿಸಬೇಕು, ಇದಕ್ಕೆ ಅಜೀರ್ಣವಾದರೆ ಎಮ್ಮೆಯ ಹಾಗೆ ಒದೆಯುವುದಿಲ್ಲ, ಸುಮ್ಮನಿದ್ದು ಕೊಲ್ಲುತ್ತದೆ ಎಂದು ಯಜಮಾನರಿಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಹೆರಿಗೆ ಕೋಣೆಯಲ್ಲಿ ಕತ್ತಲಾದರೆ ಯಾರು ಹೊಣೆ ಎಂದು ಯಜಮಾನರು ಕೇಳಿದರು. ಶಶಿಧರ್ ಸಾರ್ ಇನ್ನೊಂದು ಬುಟ್ಟಿಗೆ ಒಪ್ಪಿದರು. ಕೆಟ್ಟವರು ಯಾರೂ ಅಲ್ಲ ಮಕ್ಕಳೇ. ಎಲ್ಲರಿಗೂ ಬೇಕಾಗಿದ್ದದ್ದು ಬೆಳಕು.

ಮೊದಲ ಸೂಚನೆ ಕೊಟ್ಟದ್ದು ಬಾಬಾಜಾನಣ್ಣನ ಉಂಗುರ. ಅವರು ಬಲಗೈಗೆ ಕೆಂಪು ಕಲ್ಲಿನ ಬೆಳ್ಳಿ ಉಂಗುರ ಹಾಕುತ್ತಿದ್ದರು, ಅವರ ಅಬ್ಬಾನ ಕಾಲದ್ದು. ಅದು ಕಪ್ಪಾಗತೊಡಗಿತು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಬೆಳಗಾಗುವುದು, ಎರಡು ದಿನಕ್ಕೆ ಮತ್ತೆ ಮಸಿ. ಎಂಜಿನ್ ಮನೆಯ ತಾಮ್ರದ ತಂತಿಗಳೂ ಹಾಗೇ. ಪ್ಲಾಂಟಿನ ಸುತ್ತ ಕೊಳೆತ ಮೊಟ್ಟೆಯ ನಾತ ದಟ್ಟವಾಗುತ್ತ ಹೋಯಿತು. ಕಾವಲು ಕಾಯುತ್ತಿದ್ದ ತಿಪ್ಪಣ್ಣ ತಾತ, “ಬಾಬಾ, ನಿನ್ನ ಉಂಗುರಕ್ಕೆ ದೃಷ್ಟಿ ಆಗೈತೆ ಕಣಲೇ” ಅಂದರೆ, ಬಾಬಾಜಾನಣ್ಣ, “ನಿನ್ನ ಮಖ ದಿನಾ ನೋಡ್ತೈತಲ್ಲ ಅಜ್ಜಾ, ಅದಕ್ಕೆ” ಅನ್ನುವರು. ನಾವು ನಗುತ್ತಿದ್ದೆವು. ನಗುವಾಗಲೂ ನನ್ನ ಕಣ್ಣು ಆ ಕಪ್ಪು ಉಂಗುರದ ಮೇಲೇ ಇರುತ್ತಿತ್ತು.

ಶಶಿಧರ್ ಸಾರ್ ಆ ಉಂಗುರ ನೋಡಿದ ದಿನ ನಮ್ಮ ಮೂವರನ್ನೂ ನಿಲ್ಲಿಸಿಕೊಂಡು ತಿಳಿಸಿ ಹೇಳಿದರು. ಹಿಂಡಿಯಲ್ಲಿರುವ ಗಂಧಕದ ಅಂಶ ಒಳಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿಯಾಗುತ್ತದೆ, ಬೆಳ್ಳಿಯನ್ನು ಕಪ್ಪು ಮಾಡುವುದು ಅದೇ, ನಾರುವುದೂ ಅದೇ. ಅದು ಕಡಿಮೆ ಇದ್ದಾಗ ಮೂಗಿಗೆ ಗೊತ್ತಾಗುತ್ತದೆ, ಹೆಚ್ಚಾದಾಗ ಮೂಗನ್ನೇ ಸಾಯಿಸುತ್ತದೆ. ಕೊನೆಗೆ ಅವರು ಹೇಳಿದ ಮಾತು ನನ್ನ ತಲೆಯಲ್ಲಿ ಹಾಗೇ ಕೂತಿದೆ: “ವಾಸನೆ ಬರ್ತಾ ಇದ್ರೆ ಬೈಕೊಳ್ಳಿ. ವಾಸನೆ ನಿಂತ್ರೆ ಓಡಿ.”

ನಾನು ಮೊದಲು ಹೇಳಿದ ಆ ಹಗ್ಗದ ದಿನ ಶಶಿಧರ್ ಸಾರ್ ಬೆಳಗಿನ ಬಸ್ಸಿಗೆ ಮೊಳಕಾಲ್ಮೂರಿಗೆ ಹೋದರು. ಅಲ್ಲಿ ನೇಕಾರರ ಓಣಿಯ ಗುಂಡಿಗಳ ರಾಡಿಯನ್ನೂ ನಮ್ಮಲ್ಲಿಗೆ ತರಿಸುವ ಮಾತುಕತೆ ಇತ್ತು. ಹೋಗುವಾಗ, ಇವತ್ತು ಹಿಂಡಿ ಅರ್ಧ ಬುಟ್ಟಿ ಸಾಕು ಎಂದು ನನಗೆ ಹೇಳಿದರು. ನಾನು ಅಷ್ಟೇ ಹಾಕಿದೆ. ಆದರೆ ಹಿಂದಿನ ದಿನಗಳ ಹಿಂಡಿಯೆಲ್ಲ ಒಳಗೆ ಕೂತಿತ್ತಲ್ಲ. ಮಧ್ಯಾಹ್ನದ ಹೊತ್ತಿಗೆ ಡ್ರಮ್ ಒಂದು ಕಡೆಗೆ ವಾಲಿತು. ಅದರ ಅಂಚಿನಿಂದ ಕಂದು ಬಣ್ಣದ ನೊರೆ, ಒಲೆ ಮೇಲೆ ಮರೆತ ಅಂಬಲಿ ಉಕ್ಕಿದ ಹಾಗೆ ಬಸಿಯತೊಡಗಿತು. ಎಂಜಿನ್ ಹಚ್ಚಿ ನೋಡಿದರೆ ಎರಡು ಸಲ ಕೆಮ್ಮಿ ನಿಂತುಹೋಯಿತು. ಗ್ಯಾಸ್ ಡ್ರಮ್ಮಿನ ತುಂಬ ಇದೆ, ಎಂಜಿನ್ನಿಗೆ ಬರುತ್ತಿಲ್ಲ. ನೊರೆ ಪೈಪಿಗೆ ಹೊಕ್ಕಿತ್ತು.

ಆಗಲೇ ನರ್ಸಮ್ಮ ಬಂದರು. ಸಂಜೆ ಒಂದು ಆಪರೇಷನ್ ಇದೆಯಂತೆ, ಮಗು ಅಡ್ಡಲಾಗಿದೆಯಂತೆ, ದುರ್ಗದ ದೊಡ್ಡಾಸ್ಪತ್ರೆಗೆ ಕಳಿಸುವಷ್ಟು ಹೊತ್ತಿಲ್ಲವಂತೆ. ಎಂಜಿನ್ ಓಡುತ್ತದಲ್ಲ ಎಂದು ಕೇಳಿದರು. ಬಾಬಾಜಾನಣ್ಣ ಕೈ ಒರೆಸಿಕೊಳ್ಳುತ್ತ, “ಓಡ್ತೈತೆ ಹೋಗಮ್ಮ” ಅಂದರು.

ಪೈಪು ನೆಲದಡಿ ಹೋಗುವ ದಾರಿಯಲ್ಲಿ ಒಂದು ತಗ್ಗಿನ ಜಾಗವಿತ್ತು. ಪೈಪಿನಲ್ಲಿ ಕೂಡಿದ ನೀರನ್ನು ಬಸಿದು ಬಿಡಲು ಅಲ್ಲೊಂದು ಗುಂಡಿ. ಒಂದೂವರೆ ಆಳು ಆಳ, ಒಬ್ಬರು ನಿಲ್ಲುವಷ್ಟು ಅಗಲ, ಮೇಲೆ ಕಲ್ಲು ಚಪ್ಪಡಿ. ತಳದಲ್ಲಿ ವಾಲ್ವ್. ಮೇಲಿಂದಲೇ ತಿರುಗಿಸುವ ಉದ್ದನೆಯ ರಾಡು ತುಕ್ಕು ಹಿಡಿದು ಮುರಿದಿತ್ತು. ಇಳಿದೇ ತೆಗೆಯಬೇಕು.

ತಿಪ್ಪಣ್ಣ ತಾತ ಮತ್ತು ಬಾಬಾಜಾನಣ್ಣ ಸೇರಿ ಚಪ್ಪಡಿ ಸರಿಸಿದರು. ಒಳಗಿಂದ ಎದ್ದ ನಾತಕ್ಕೆ ಕಣ್ಣು ಉರಿದು ನೀರು ಬಂತು. ಮೂವರೂ ಹಿಂದೆ ಸರಿದೆವು. ಬೇವಿನ ಮರದಲ್ಲಿ ಕೂತಿದ್ದ ಕಾಗೆಗಳು ಎದ್ದುಹೋದವು.

“ಸೀದಾ ಇಳೀಬ್ಯಾಡ” ಎಂದು ತಾತ ತನ್ನ ಗುಡಿಸಲ ಕಡೆ ಹೋದರು. ತಿರುಗಿ ಬಂದಾಗ ಅವರ ಕೈಯಲ್ಲಿ ಹಚ್ಚಿದ ಚಿಮಣಿ ಬುಡ್ಡಿ ಇತ್ತು. ಅದರ ಕುತ್ತಿಗೆಗೆ ದಾರ ಕಟ್ಟಿದ್ದರು. ಮಟಮಟ ಬಿಸಿಲಿನಲ್ಲಿ ದೀಪ ಯಾಕೆ ಎಂದು ಬಾಬಾಜಾನಣ್ಣನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು.

ನೀವು ಹಗೇವು ನೋಡಿಲ್ಲ. ನಮ್ಮ ಕಡೆ ಹಿಂದೆ ಜೋಳವನ್ನು ನೆಲದೊಳಗೆ ತುಂಬಿಡುತ್ತಿದ್ದರು. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ತಿಂಗಳುಗಟ್ಟಲೆ ಮುಚ್ಚಿದ್ದ ಹಗೇವಿನೊಳಗೆ ಕೆಟ್ಟ ಗಾಳಿ ಕೂತಿರುತ್ತದೆ. ತೆರೆದ ಕೂಡಲೇ ಇಳಿದವನು ಮೇಲೆ ಬರುವುದಿಲ್ಲ. ಅದಕ್ಕೆ ಬಾಯಿ ತೆರೆದು ಬಿಟ್ಟು, ಆಮೇಲೆ ದಾರದಲ್ಲಿ ದೀಪ ಇಳಿಸುತ್ತಿದ್ದರು. ದೀಪ ಆರಿದರೆ ಇಳಿಯಬಾರದು, ಉರಿದರೆ ಒಬ್ಬ ಹಗ್ಗ ಕಟ್ಟಿಕೊಂಡು ಇಳಿಯಬಹುದು. ನಮ್ಮ ದೊಡ್ಡಪ್ಪನ ಮನೆ ಹಗೇವಿಗೆ ದೀಪ ಇಳಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ತಾತನೂ ರಾಂಪುರದ ಕಡೆಯವರೇ. ಅವರು ದೀಪ ತಂದದ್ದು ಬಾಬಾಜಾನಣ್ಣನ ಜೀವ ಉಳಿಸಲು. ನನ್ನ ಮನಸ್ಸೂ ಒಂದು ಗಳಿಗೆ, ಇದೇ ಸರಿ ಅಂದಿತು.

ತಾತ ಗುಂಡಿಯ ಕಡೆ ನಡೆದು ಬರುತ್ತಿದ್ದರು. ಬುಡ್ಡಿಯ ಕುಡಿ ಬಿಸಿಲಿನಲ್ಲಿ ಕಾಣುತ್ತಲೇ ಇರಲಿಲ್ಲ, ಅದರ ಮೇಲಿನ ಹೊಗೆಯ ಎಳೆ ಮಾತ್ರ ಕಾಣುತ್ತಿತ್ತು. ಶಶಿಧರ್ ಸಾರ್ ಗ್ಯಾಸ್ ಪರೀಕ್ಷೆಗೆಂದು ಆಗಾಗ ಸಣ್ಣ ನಲ್ಲಿಗೆ ಬೆಂಕಿಕಡ್ಡಿ ಹಿಡಿಯುತ್ತಿದ್ದರು. ಬುಸ್ಸೆಂದು ಮೊಳದುದ್ದದ ನೀಲಿ ಉರಿ ಏಳುತ್ತಿತ್ತು. ಆ ಉರಿ ನನ್ನ ಕಣ್ಣ ಮುಂದೆ ಬಂತು. ಹಗೇವಿನ ಗಾಳಿ ದೀಪ ಆರಿಸುತ್ತದೆ. ಈ ಗುಂಡಿಯ ಗಾಳಿ ದೀಪವನ್ನೇ ನುಂಗಿ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲೇ ತುಂಬಿದ ಡ್ರಮ್ ಇದೆ, ಅದರಾಚೆ ವಾರ್ಡಿನ ಕಿಟಕಿಗಳು.

ಹೇಳಬೇಕೆಂದು ಬಾಯಿ ತೆರೆದೆ. ಸ್ವರ ಬರಲಿಲ್ಲ. ಕೈ ಮಾತ್ರ ಬಂತು. ಕಲಸಿಟ್ಟಿದ್ದ ರಾಡಿಯ ಬಕೆಟ್ ಎತ್ತಿ ತಾತನ ಮೇಲೆ ಸುರಿದುಬಿಟ್ಟೆ.

ಬುಡ್ಡಿ ಚುಂಯ್ ಎಂದು ಆರಿತು. ತಾತನ ತಲೆ, ಮೀಸೆ, ಅಂಗಿಯಿಂದೆಲ್ಲ ರಾಡಿ ಸೋರುತ್ತಿತ್ತು. ಅವರು ಕಣ್ಣು ಒರೆಸಿಕೊಂಡು ನನ್ನನ್ನು ನೋಡಿದರು. “ಏನವ್ವಾ ಓಬವ್ವ, ನಂಗೂ ಉಣಿಸ್ತೀಯಾ? ನಾನೇನು ನಿನ್ನ ಡೈಜೆಸ್ಟರಾ?”

ಬಾಬಾಜಾನಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಅರ್ಧಕ್ಕೇ ನಿಂತಿತು. ಬುಡ್ಡಿ ನೋಡಿದರು, ಗುಂಡಿ ನೋಡಿದರು, ಅವರ ಮುಖದ ಬಣ್ಣ ಇಳಿಯಿತು. “ಅಜ್ಜಾ, ಅಕ್ಕ ಸರಿ ಮಾಡ್ಯಾಳೆ. ಆ ದೀಪ ಇಳಿದಿದ್ರೆ ನಾವ್ಯಾರೂ ಇರ್ತಿರ್ಲಿಲ್ಲ” ಅಂದರು. ತಾತ ಹೋಗಿ ಬುಡ್ಡಿಯನ್ನು ಗೇಟಿನಾಚೆ ಇಟ್ಟು ಬಂದರು.

ಈಗ ಪರೀಕ್ಷೆ ಮಾಡಲು ನಮ್ಮ ಹತ್ತಿರ ಏನೂ ಉಳಿಯಲಿಲ್ಲ. ಗುಂಡಿಯ ಬಾಯಿ ತೆರೆದು ಬಿಟ್ಟೆವು. ಗೋಣಿಚೀಲ ನೆನೆಸಿ ಬೀಸಿದೆವು. ಬಿಸಿಲು ಇಳಿಯುತ್ತ ಬಂತು. ನರ್ಸಮ್ಮ ಮತ್ತೆ ಬಾಗಿಲಲ್ಲಿ ನಿಂತು ನೋಡಿ ಹೋದರು. ಸಾರ್ ಬರುವವರೆಗೆ ಕಾಯೋಣ ಎಂದು ತಾತ ಹೇಳಿದರು. ಬಸ್ಸು ಯಾವಾಗ ಬರುತ್ತದೋ, ಅಷ್ಟರಲ್ಲಿ ಆ ತಾಯಿಗೇನಾಗುತ್ತದೋ ಎಂದು ಬಾಬಾಜಾನಣ್ಣ ಲುಂಗಿ ಎತ್ತಿ ಕಟ್ಟಿದರು. ನಾನು ಸೇದುವ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ನಿಂತೆ.

“ಹಗ್ಗ” ಅಂದೆ. ಅಷ್ಟೇ ಬಂದದ್ದು.

“ನಾನೇನು ಬಾವಿಗೆ ಬಿಡೋ ಕೊಡಾನಾ ಅಕ್ಕಾ?”

“ಕಟ್ಕೊಳ್ಳಲೇ” ಎಂದು ತಾತ ಗದರಿದರು. “ಹಗೇವಿಗೆ ಇಳಿಯೋನು ಹಗ್ಗ ಬ್ಯಾಡ ಅನ್ನಬಾರ್ದು.”

ತಾತನೇ ಅವರ ಕಂಕುಳಡಿ ಹಗ್ಗ ಸುತ್ತಿ ಗಂಟು ಹಾಕಿದರು. ಇನ್ನೊಂದು ತುದಿಯನ್ನು ಬೇಲಿಯ ಕಲ್ಲುಕಂಬಕ್ಕೆ ಒಂದು ಸುತ್ತು ಸುತ್ತಿ ನಾನು ಹಿಡಿದೆ. ಬಾಬಾಜಾನಣ್ಣ ಬಿಸ್ಮಿಲ್ಲಾ ಅಂದು, ಮೂಗಿಗೆ ಒದ್ದೆ ಟವಲು ಕಟ್ಟಿ ಇಳಿದರು. ಕಬ್ಬಿಣದ ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಕೇಳುತ್ತಿತ್ತು. “ಥೂ, ಏನು ನಾತ ಮಾರಾಯ್ತಿ, ಊರ ಪಾಪ ಎಲ್ಲ ಇಲ್ಲೇ ಐತೆ” ಎಂದು ಬೈದರು. ಬೈಗುಳ ಕೇಳಿ ನನಗೆ ಧೈರ್ಯವಾಯಿತು. ಆಮೇಲೆ ಸ್ಪ್ಯಾನರಿನ ಸದ್ದು, ಕಬ್ಬಿಣಕ್ಕೆ ಕಬ್ಬಿಣ ತಾಗುವ ಟಣ್ ಟಣ್. ಆಮೇಲೆ ಏನೋ ಬುಸುಗುಟ್ಟಿತು. ವಾಲ್ವ್ ಸಡಿಲಾಗಿತ್ತು.

ಗುಂಡಿಯೊಳಗಿಂದ ಅವರ ಸ್ವರ ಬಂತು, ಹಗುರವಾಗಿ, ನಿದ್ದೆ ಬಂದವರ ಹಾಗೆ.

“ಅಕ್ಕಾ, ವಾಸನೆ ಹೋಯ್ತು. ಈಗ ಆರಾಮ್ ಐತೆ.”

ಆ ಮಾತು ಮುಗಿಯುವ ಮೊದಲೇ ನಾನು ಹಗ್ಗ ಎಳೆದೆ. ಒಂದು ಕ್ಷಣ ಹಗ್ಗ ಸಡಿಲಾಗಿತ್ತು. ಮರುಕ್ಷಣ ಇಡೀ ಮನುಷ್ಯನ ಭಾರ ಅದರ ಮೇಲೆ ಬಿತ್ತು. ಕಂಬದ ಸುತ್ತು ಇಲ್ಲದಿದ್ದರೆ ನಾನೂ ಹೋಗುತ್ತಿದ್ದೆ. ತಾತ ಗುಂಡಿಗೆ ಬಗ್ಗಿ ನೋಡಿ, ಬಾಬಾ ಎಂದು ಕೂಗಿ, ಮೊದಲ ಮೆಟ್ಟಿಲಿಗೆ ಕಾಲಿಟ್ಟೇಬಿಟ್ಟರು. ಮನುಷ್ಯ ಬಿದ್ದಾಗ ಹಿಂದೆ ಮುಂದೆ ನೋಡದೆ ಇಳಿಯುವುದು ನಮ್ಮ ಜನದ ಗುಣ. ಒಬ್ಬ ಹೋದ ಗುಂಡಿಯಲ್ಲಿ ಇಬ್ಬರು ಹೋಗುವುದೂ ಅದರಿಂದಲೇ.

“ವದ್ದು ತಾತಾ, ವದ್ದು.”

ಅದು ತೆಲುಗು, ಬೇಡ ಎಂದು. ನಮ್ಮ ಮನೆ ಮಾತು. ಅಷ್ಟು ಗಟ್ಟಿಯಾಗಿ ನಾನು ಹುಟ್ಟಿದಂದಿನಿಂದ ಕೂಗಿರಲಿಲ್ಲ. ತಾತ ಬೆಚ್ಚಿ ಕಾಲು ಹಿಂದಕ್ಕೆ ತೆಗೆದರು. ಬಂದು ನನ್ನ ಹಿಂದೆ ಹಗ್ಗ ಹಿಡಿದರು. ಬಟ್ಟೆ ಒಗೆಯುವ ಕಡೆಯಿಂದ ಇಬ್ಬರು ಆಯಾಗಳು ಓಡಿಬಂದು ಸೊಂಟ ಹಿಡಿದು ಎಳೆದರು. ಹಗ್ಗ ನನ್ನ ಅಂಗೈ ತೊಗಲು ಕಿತ್ತಿತು. ಅದು ಗೊತ್ತಾದದ್ದು ಆಮೇಲೆ. ಮೊದಲು ಟವಲು ಕಟ್ಟಿದ ತಲೆ ಕಂಡಿತು, ಮುಂದಕ್ಕೆ ಜೋತುಬಿದ್ದಿತ್ತು. ಆಮೇಲೆ ಕೈ. ಆ ಕೈಯಲ್ಲಿ ಉಂಗುರ ಇದ್ದಿಲಿನಷ್ಟು ಕಪ್ಪಾಗಿತ್ತು.

ತುಟಿ ನೀಲಿ. ಉಸಿರು ಇದೆಯೋ ಇಲ್ಲವೋ ತಿಳಿಯದು. ಆಸ್ಪತ್ರೆಯ ಹಿತ್ತಿಲಲ್ಲೇ ಇದ್ದದ್ದು ಅವರ ಪುಣ್ಯ. ಡಾಕ್ಟರು ಬಯಲಲ್ಲೇ ಅವರ ಎದೆ ಒತ್ತಿ, ಆಮೇಲೆ ಆಕ್ಸಿಜನ್ ಹಾಕಿ ಒಳಗೆ ಸಾಗಿಸಿದರು. ಅವರ ಹೆಂಡತಿ ಮೆಹಬೂಬಿ ಬಂದು ವರಾಂಡದಲ್ಲಿ ನನ್ನ ಪಕ್ಕ ಕೂತರು. ಅವರು ಅಳಲಿಲ್ಲ, ನನ್ನ ಬ್ಯಾಂಡೇಜ್ ಕಟ್ಟಿದ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದರು. ನನ್ನ ಮಾತು ಆ ದಿನಕ್ಕೆ ಮುಗಿದಿತ್ತು.

ಆ ಸಂಜೆ ಕರೆಂಟ್ ಹೋಯಿತು. ಎಂಜಿನ್ ಓಡಲಿಲ್ಲ. ನರ್ಸಮ್ಮ ಮತ್ತು ಆಯಾಗಳು ಟಾರ್ಚ್ ಹಿಡಿದು ನಿಂತ ಬೆಳಕಿನಲ್ಲೇ ಆಪರೇಷನ್ ನಡೆಯಿತು. ತಾಯಿ, ಮಗು ಇಬ್ಬರೂ ಉಳಿದರು. ಬಾಬಾಜಾನಣ್ಣ ಕಣ್ಣು ಬಿಟ್ಟದ್ದು ಮಾರನೆಯ ದಿನ ಬಿಸಿಲೇರಿದ ಮೇಲೆ.

ಶಶಿಧರ್ ಸಾರ್ ಬಸ್ಸಿಳಿದವರು ಸುದ್ದಿ ಕೇಳಿ ನೇರ ಗುಂಡಿಯ ಕಡೆ ಬಂದು, ಸ್ವಲ್ಪ ದೂರದಲ್ಲೇ ನೆಲದ ಮೇಲೆ ಕೂತುಬಿಟ್ಟಿದ್ದರಂತೆ. ಗ್ಯಾಸನ್ನು ಸ್ವಲ್ಪಸ್ವಲ್ಪವಾಗಿ ಹೊರಗೆ ಬಿಟ್ಟು, ಉಣಿಸುವುದನ್ನು ನಿಲ್ಲಿಸಿ, ಡೈಜೆಸ್ಟರ್ ತಾನಾಗಿ ಸುಧಾರಿಸಿಕೊಳ್ಳುವವರೆಗೆ ವಾರಗಟ್ಟಲೆ ಕಾದರು. ವಾಲ್ವನ್ನು ಮೇಲಿಂದಲೇ ತಿರುಗಿಸುವ ಹಾಗೆ ಹೊಸದು ಮಾಡಿಸಿದರು. ಲೇತ್ ಅಂಗಡಿಯ ಕಬ್ಬಿಣದ ಚೂರು ತುಂಬಿದ ಒಂದು ಪೆಟ್ಟಿಗೆಯ ಮೂಲಕ ಗ್ಯಾಸ್ ಹಾಯಿಸಿದರು. ಗಂಧಕದ ವಿಷವನ್ನು ಕಬ್ಬಿಣ ಹಿಡಿದುಕೊಳ್ಳುತ್ತದೆ. ಯಜಮಾನರು ಒಂದು ದಿನ ಬಂದು ಎಲ್ಲವನ್ನೂ ನೋಡಿದರು. ಹೋಗುವಾಗ ಎಂಜಿನಿಯರಿಗೆ, “ಇನ್ಮೇಲೆ ಎಷ್ಟು ಹಾಕಬೇಕು ಅಂತ ನೀನು ಹೇಳಪ್ಪ, ನಾನು ಕೇಳ್ತೀನಿ” ಅಂದರು. ಆಮೇಲೆ ಬಹಳ ವರ್ಷ ಆ ಪ್ಲಾಂಟ್ ಸಂಜೆ ಸಂಜೆಗೆ ದೀಪ ಹಚ್ಚಿತು.

ಬಾಬಾಜಾನಣ್ಣ ಕೆಲಸಕ್ಕೆ ತಿರುಗಿ ಬಂದರು. ಕೈಕಾಲು ಗಟ್ಟಿಯಾದವು, ನಗುವೂ ಬಂತು. ಮೂಗು ಮಾತ್ರ ಬರಲಿಲ್ಲ. ಮೆಹಬೂಬಿ ರಂಜಾನಿಗೆ ಮಾಡಿದ ಬಿರಿಯಾನಿಯೂ ಒಂದೇ, ನನ್ನ ತೊಟ್ಟಿಯ ರಾಡಿಯೂ ಒಂದೇ ಎಂದು ಅವರೇ ತಮಾಷೆ ಮಾಡುತ್ತಿದ್ದರು. ಒಮ್ಮೆ ತಿಕ್ಕಿದ ಮೇಲೆ ಉಂಗುರ ಬೆಳ್ಳಗೇ ಉಳಿಯಿತು. ಆದರೂ ಅವರು ಅದನ್ನು ನಂಬಲಿಲ್ಲ. ದಿನಾ ಬೆಳಿಗ್ಗೆ ನಾನು ಬರುವವರೆಗೆ ಎಂಜಿನ್ ಮನೆಯ ಹೊಸ್ತಿಲಾಚೆಯೇ ನಿಂತಿರುತ್ತಿದ್ದರು.

“ವಾಸನೆ ಐತಾ ಅಕ್ಕಾ?”

ನಾನು ಒಳಗೆ ಕಾಲಿಟ್ಟು, ಮೂಸಿ, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಬೇಕು. ತಲೆಯಾಡಿಸಿದರೆ ಅವರು ಒಪ್ಪುತ್ತಿರಲಿಲ್ಲ. “ಬಾಯಲ್ಲಿ ಹೇಳು” ಅನ್ನುವರು.

“ಸ್ವಲ್ಪ ಐತೆ.”

“ಹಂಗಾದ್ರೆ ಸರಿ” ಎಂದು ಒಳಗೆ ಬರುವರು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು ಮಕ್ಕಳೇ. ನಾರುವುದಕ್ಕೆ ಹೆದರಬೇಡಿ, ಬೈದುಕೊಂಡು ಬಾಳಿ. ಇದ್ದ ನಾತ ಇದ್ದಕ್ಕಿದ್ದ ಹಾಗೆ ಇಲ್ಲವಾಗಿ, ಈಗ ಆರಾಮ್ ಐತೆ ಅನ್ನಿಸಿದಾಗ ಹೆದರಿ. ಆಳಕ್ಕೆ ಇಳಿಯುವಾಗ ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರಲಿ. ಹಗ್ಗ ನಿಮ್ಮ ಕೈಯಲ್ಲಿದ್ದರೆ, ಕೂಗಿ ಹೇಳಲು ನಿಮ್ಮ ಅಜ್ಜಿಯ ಹಾಗೆ ಸಂಕೋಚ ಪಡಬೇಡಿ.

ನಾನು ಕೆಲಸ ಬಿಟ್ಟ ದಿನ ಬಾಬಾಜಾನಣ್ಣ ಗೇಟಿನವರೆಗೆ ಬಂದರು. ನಾಳೆಯಿಂದ ಯಾರನ್ನ ಕೇಳ್ಲಿ ಅಂದರು. ಎಂದಿನಂತೆ ತಲೆಯಾಡಿಸಿದೆ. ಅವರು ನಗುತ್ತ ನಿಂತೇ ಇದ್ದರು, ಬಾಯಲ್ಲಿ ಹೇಳುವವರೆಗೆ.

“ಹೋಗ್ಬರ್ತೀನಣ್ಣ” ಅಂದೆ. ಗಟ್ಟಿಯಾಗಿಯೇ ಅಂದೆ.